ಪುಟ್ಟ ಮಕ್ಕಳ ಹುಟ್ಟುಹಬ್ಬಕ್ಕೆ ಪಿನ್ಯಾಟಾ: ಕಟ್ಟುವುದರಿಂದ ಒಡೆಯುವವರೆಗೆ

ಬಣ್ಣದ ಕಾಗದ ಹೊದಿಸಿದ ಟೊಳ್ಳು ಆಕೃತಿಯೊಂದನ್ನು ಹಗ್ಗದಲ್ಲಿ ತೂಗುಹಾಕಿ, ಮಕ್ಕಳು ಸರದಿಯಂತೆ ಕೋಲಿನಿಂದ ಹೊಡೆದು ಒಡೆದಾಗ ಒಳಗಿನ ಮಿಠಾಯಿ, ಆಟಿಕೆಗಳು ನೆಲಕ್ಕೆ ಸುರಿಯುವ ಆಟವೇ ಪಿನ್ಯಾಟಾ. ಎಂಟೊಂಬತ್ತು ವರ್ಷದ ಮಕ್ಕಳಾದರೆ ಆಟವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಳ್ಳುತ್ತಾರೆ. ಮೂರರಿಂದ ಆರು ವರ್ಷದವರ ವಿಷಯ ಹಾಗಲ್ಲ. ದೊಡ್ಡವರ ಗಮನವೆಲ್ಲ ಹೊಡೆತದ ಮೇಲಿರುತ್ತದೆ, ಆದರೆ ಪೆಟ್ಟಾಗುವುದು, ಜಗಳವಾಗುವುದು, ಒಂದು ಮಗು ಕೈಖಾಲಿಯಾಗಿ ನಿಂತು ಅಳುವುದು ಹೆಚ್ಚಾಗಿ ಪಿನ್ಯಾಟಾ ಬಿರಿದ ಮರುಕ್ಷಣದಿಂದ ಹತ್ತು ಸೆಕೆಂಡುಗಳ ಒಳಗೆ. ಆದ್ದರಿಂದ ಯಾವ ಬಗೆಯ ಪಿನ್ಯಾಟಾ, ಎಷ್ಟು ಗಟ್ಟಿ, ಒಳಗೆ ಏನು, ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗಳನ್ನೆಲ್ಲ ಆ ಹತ್ತು ಸೆಕೆಂಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನಿಸುವುದು ಒಳ್ಳೆಯದು.

ಈ ಆಟ ಬೇರೂರಿ ಬೆಳೆದದ್ದು ಮೆಕ್ಸಿಕೋದಲ್ಲಿ. ಮೆಕ್ಸಿಕೋ ನಗರದ ಈಶಾನ್ಯಕ್ಕಿರುವ ಅಕೋಲ್ಮಾನ್ ಊರಿನಲ್ಲಿ 16ನೇ ಶತಮಾನದಲ್ಲಿ ನೆಲೆಸಿದ್ದ ಅಗಸ್ಟೀನಿಯನ್ ಪಾದ್ರಿಗಳೊಂದಿಗೆ ಅದರ ಆರಂಭವನ್ನು ಜೋಡಿಸಿ ಹೇಳುವುದು ವಾಡಿಕೆ. ಡಿಸೆಂಬರ್ 16ರಿಂದ 24ರವರೆಗೆ ನಡೆಯುವ ಪೊಸಾದಾ ಆಚರಣೆಯಲ್ಲಿ ಇಂದಿಗೂ ಏಳು ಕೋನಗಳ ನಕ್ಷತ್ರದ ಪಿನ್ಯಾಟಾವನ್ನು ಒಡೆಯುತ್ತಾರೆ. ಆ ಏಳು ಕೋನಗಳು ಕ್ರೈಸ್ತ ಬೋಧನೆಯ ಏಳು ಮಹಾಪಾಪಗಳ ಸಂಕೇತ. ಹಳೆಯ ಪಿನ್ಯಾಟಾದ ಒಳಗಿರುತ್ತಿದ್ದುದು ಮಣ್ಣಿನ ಮಡಕೆ. ಒಡೆದಾಗ ಅದರ ಚೂಪು ಬೋಕಿಗಳು ಮಿಠಾಯಿಯೊಂದಿಗೇ ಉದುರುತ್ತಿದ್ದುದರಿಂದ ಕಾಗದ ಮತ್ತು ರಟ್ಟಿನ ಪಿನ್ಯಾಟಾ ಬಳಕೆಗೆ ಬಂದದ್ದು ಮಕ್ಕಳ ಮಟ್ಟಿಗೆ ದೊಡ್ಡ ಉಪಕಾರವೇ ಆಯಿತು. ಅಲ್ಲಿಯ ಇನ್ನೊಂದು ರೂಢಿಯನ್ನು ನಾವೂ ಅನುಸರಿಸಬಹುದು: ಹೊಡೆಯುವವರ ಸರದಿ ನಡೆಯುವಾಗ ಸುತ್ತ ನಿಂತವರು ಒಂದು ಹಾಡು ಹೇಳುತ್ತಾರೆ, ಹಾಡು ಮುಗಿದರೆ ಸರದಿಯೂ ಮುಗಿಯಿತು. ಕೋಲು ಬಿಡಲೊಲ್ಲದ ಮಗುವಿಗೆ ದೊಡ್ಡವರ ಮಾತಿಗಿಂತ ಹಾಡು ಮುಗಿದದ್ದು ಬೇಗ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ವಯಸ್ಸಿಗೆ ತಕ್ಕ ಬಗೆಯನ್ನು ಆರಿಸುವುದು

ಬರುವ ಮಕ್ಕಳಲ್ಲಿ ಹೆಚ್ಚಿನವರು ಮೂರು ನಾಲ್ಕು ವರ್ಷದವರಾಗಿದ್ದರೆ ಕೋಲನ್ನು ಮರೆತುಬಿಡಿ. ದಾರ ಎಳೆಯುವ ಪಿನ್ಯಾಟಾವೇ ಅವರಿಗೆ ಸರಿ. ಅದರ ತಳದಲ್ಲಿ ಒಂದು ಪುಟ್ಟ ಬಾಗಿಲಿದ್ದು ಹಲವು ರಿಬ್ಬನ್‌ಗಳು ಕೆಳಗೆ ಇಳಿಬಿದ್ದಿರುತ್ತವೆ, ಅವುಗಳಲ್ಲಿ ಒಂದು ಮಾತ್ರ ಬಾಗಿಲಿಗೆ ಸೇರಿರುತ್ತದೆ. ಐದು ವರ್ಷ ದಾಟಿದವರಿಗೆ ಹಗುರವಾದ ಕೋಲನ್ನು ಕೊಡಬಹುದು. ಎರಡೂ ವಯಸ್ಸಿನವರು ಬೆರೆತಿದ್ದರೆ ಚಿಕ್ಕವರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ದೊಡ್ಡ ಮಕ್ಕಳು ದಾರ ಎಳೆಯುವುದನ್ನೂ ಸಂತೋಷದಿಂದಲೇ ಆಡುತ್ತಾರೆ, ಆದರೆ ಚಿಕ್ಕವರು ಬೀಸುವ ಕೋಲಿನ ಎದುರಿಗೆ ತಿಳಿಯದೆ ನುಗ್ಗುತ್ತಾರೆ. ಒಂದೆರಡು ವರ್ಷದ ಮಗುವಿಗೆ ಪಿನ್ಯಾಟಾ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಆ ವಯಸ್ಸಿನಲ್ಲಿ ಅದು ಮಗುವಿಗಿಂತ ಛಾಯಾಚಿತ್ರಕ್ಕೇ ಹೆಚ್ಚು ಉಪಯೋಗ.

ಆಕಾರದ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. ಮಗು ಪ್ರತಿದಿನ ತಬ್ಬಿ ಮಲಗುವ ಕರಡಿಯ ಆಕಾರದಲ್ಲೋ ಅದು ಪ್ರೀತಿಸುವ ಕಾರ್ಟೂನ್ ಪಾತ್ರದ ರೂಪದಲ್ಲೋ ಪಿನ್ಯಾಟಾ ಮಾಡಿಸಿ, ಎಲ್ಲರೂ ಸೇರಿ ಅದನ್ನು ಹೊಡೆಯಿರಿ ಎಂದರೆ ನಾಲ್ಕು ವರ್ಷದ ಮಗು ಬಿಕ್ಕಿ ಬಿಕ್ಕಿ ಅಳುವುದು ಆಶ್ಚರ್ಯವಲ್ಲ. ನಕ್ಷತ್ರ, ಚೆಂಡು, ಮೋಡ, ಇಲ್ಲವೇ ಮಗುವಿಗೆ ತುಂಬಿದ ವಯಸ್ಸಿನ ಅಂಕಿ, ಇವನ್ನು ಒಡೆಯಲು ಯಾರ ಮನಸ್ಸೂ ನೋಯುವುದಿಲ್ಲ.

ಎರಡನೆಯ ಹೆಜ್ಜೆ: ಕಟ್ಟುವುದು

ದಾರ ಎಳೆಯುವ ಪಿನ್ಯಾಟಾವನ್ನು ಹಳೆಯ ರಟ್ಟಿನ ಪೆಟ್ಟಿಗೆಯಿಂದ ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು. ಅಂಕಿಯ ಆಕಾರವಾದರೆ ಒಂದೇ ಅಳತೆಯ ಎರಡು ರಟ್ಟಿನ ತುಂಡುಗಳನ್ನು ಕತ್ತರಿಸಿ, ಅವುಗಳ ನಡುವೆ ಸುಮಾರು 10 ಸೆಂಟಿಮೀಟರ್ ಅಗಲದ ರಟ್ಟಿನ ಪಟ್ಟಿಯನ್ನು ಅಂಚಿನ ಉದ್ದಕ್ಕೂ ಗೋಡೆಯಂತೆ ನಿಲ್ಲಿಸಿ ಟೇಪಿನಿಂದ ಅಂಟಿಸಬೇಕು. ತಳದಲ್ಲಿ, ಒಳಗಿನ ವಸ್ತುಗಳು ಸಿಕ್ಕಿಕೊಳ್ಳದಷ್ಟು ಅಗಲವಾಗಿ, ಮೂರು ಬದಿ ಮಾತ್ರ ಕತ್ತರಿಸಿದರೆ ನಾಲ್ಕನೆಯ ಬದಿಯೇ ಕೀಲಾಗುವ ಬಾಗಿಲು ಸಿದ್ಧವಾಗುತ್ತದೆ. ಬಾಗಿಲಿನ ತುದಿಯಲ್ಲಿ ಸಣ್ಣ ತೂತು ಮಾಡಿ ರಿಬ್ಬನ್ ತೂರಿಸಿ ಒಳಗಿನಿಂದ ಗಂಟು ಹಾಕಿ, ಬಾಗಿಲನ್ನು ಒಂದೇ ಒಂದು ತುಂಡು ತೆಳುವಾದ ಟೇಪಿನಿಂದ ಮುಚ್ಚಿ. ಉಳಿದ ರಿಬ್ಬನ್‌ಗಳನ್ನು, ಎಳೆದರೆ ಸಲೀಸಾಗಿ ಕಳಚಿ ಕೈಗೆ ಬರುವಂತೆ, ತಳಕ್ಕೆ ಹೊರಗಿನಿಂದ ಹಗುರವಾಗಿ ಅಂಟಿಸಿದರೆ ಸಾಕು. ಮಕ್ಕಳ ಸಂಖ್ಯೆಗಿಂತ ಎರಡು ಮೂರು ರಿಬ್ಬನ್ ಹೆಚ್ಚೇ ಇರಲಿ. ಎಲ್ಲ ರಿಬ್ಬನ್‌ಗಳೂ ಒಂದೇ ಬಣ್ಣದವಾಗಿದ್ದರೂ ಬಾಗಿಲಿಗೆ ಕಟ್ಟಿದ್ದು ಯಾವುದೆಂದು ನಿಮಗೆ ಗೊತ್ತಾಗುವಂತೆ ಅದರ ತುದಿಯಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಳ್ಳಿ. ಮೊದಲನೆಯ ಮಗುವೇ ಅದನ್ನು ಹಿಡಿಯಲು ಹೋದರೆ ಪಕ್ಕದ ರಿಬ್ಬನ್ನನ್ನು ಕೈಗೆ ಕೊಡಬಹುದು. ಇದು ಸಣ್ಣ ಮೋಸ ನಿಜ, ಆದರೆ ಹನ್ನೆರಡು ಮಕ್ಕಳ ಸಾಲು ಕಾದು ನಿಂತಿರುವಾಗ ಅಷ್ಟು ಮೋಸ ಕ್ಷಮಾರ್ಹ.

ಕೋಲಿನಿಂದ ಹೊಡೆಯುವ ಪಿನ್ಯಾಟಾಕ್ಕೆ ಕಾಗದ ಮತ್ತು ಹಿಟ್ಟಿನ ಅಂಟಿನ ಚಿಪ್ಪು ಬೇಕು, ಅದಕ್ಕೆ ನಾಲ್ಕೈದು ದಿನ ಮೊದಲೇ ಕುಳಿತುಕೊಳ್ಳಬೇಕು. ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಬಲೂನು ಊದಿ ಕಟ್ಟಿ, ಅದು ಉರುಳದಂತೆ ಬೋಗುಣಿಯ ಮೇಲೆ ಕೂರಿಸಿ. ಒಂದು ಪಾಲು ಮೈದಾ ಹಿಟ್ಟಿಗೆ ಒಂದೂವರೆಯಿಂದ ಎರಡು ಪಾಲು ನೀರು ಬೆರೆಸಿ ಗಂಟಿಲ್ಲದಂತೆ ಕದಡಿದರೆ ಅಂಟು ಆಯಿತು. ಸುದ್ದಿಪತ್ರಿಕೆಯನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಹರಿದುಕೊಳ್ಳಿ. ಕತ್ತರಿಸಿದ ಅಂಚಿಗಿಂತ ಹರಿದ ಅಂಚು ಚೆನ್ನಾಗಿ ಕೂರುತ್ತದೆ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳುಗಳ ನಡುವೆ ಎಳೆದು ಹೆಚ್ಚಿನ ಅಂಟನ್ನು ತೆಗೆದು, ಒಂದರ ಮೇಲೊಂದು ತುಸು ಹಾಯುವಂತೆ ಬಲೂನಿಗೆ ಹಚ್ಚುತ್ತಾ ಹೋಗಿ, ಗಂಟಿನ ಸುತ್ತ ಅಂಗೈ ತೂರುವಷ್ಟು ಜಾಗವನ್ನು ಮಾತ್ರ ಖಾಲಿ ಬಿಡಿ. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಪದರವನ್ನು ಹಚ್ಚಬೇಕು, ಅದಕ್ಕೆ ಗಾಳಿಯಾಡುವ ಜಾಗದಲ್ಲೂ ಒಂದು ದಿನ ಹಿಡಿಯುತ್ತದೆ.

ಎಷ್ಟು ಪದರ ಎಂಬಲ್ಲಿಯೇ ಬಹಳ ಮಂದಿ ಎಡವುತ್ತಾರೆ. ನಾನು ಮೊದಲ ಸಲ ಮಾಡಿದಾಗ, ಬೇಗ ಒಡೆದುಬಿಟ್ಟರೆ ಏನು ಗತಿ ಎಂಬ ಅಂಜಿಕೆಯಿಂದ ನಾಲ್ಕು ಪದರ ಹಚ್ಚಿದ್ದೆ. ಎಂಟು ಮಕ್ಕಳು ಮೂರು ಸುತ್ತು ಹೊಡೆದರೂ ಅದು ಜಗ್ಗಲಿಲ್ಲ, ಕೊನೆಗೆ ಅಡುಗೆಮನೆಯ ಕತ್ತರಿ ತಂದು ಎಲ್ಲರೆದುರು ಅದನ್ನು ಸೀಳಬೇಕಾಯಿತು. ಐದಾರು ವರ್ಷದವರ ತೋಳಿಗೆ ಎರಡು ಪದರ ಸಾಕು, ಏಳು ದಾಟಿದವರಿಗೆ ಮೂರು. ಪದರದಷ್ಟೇ ಮುಖ್ಯವಾದದ್ದು ಒಣಗುವಿಕೆ. ಒಳಗೆ ತೇವ ಉಳಿದ ಚಿಪ್ಪು ಚರ್ಮದಂತೆ ಜಿಗುಟಾಗಿದ್ದು ಹೊಡೆದಾಗ ತಗ್ಗು ಬೀಳುತ್ತದೆಯೇ ಹೊರತು ಬಿರಿಯುವುದಿಲ್ಲ, ಮೇಲಾಗಿ ಬೂಷ್ಟು ಹಿಡಿಯುತ್ತದೆ. ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಒಣಗಿದೆ ಎಂದು ತಿಳಿಯಬೇಕು. ಆಗ ಬಲೂನನ್ನು ಚುಚ್ಚಿ ಅದರ ರಬ್ಬರನ್ನು ಒಂದು ಚೂರೂ ಬಿಡದಂತೆ ಹೊರತೆಗೆಯಿರಿ. ನಕ್ಷತ್ರ ಬೇಕೆಂದಿದ್ದರೆ ದಪ್ಪ ಕಾಗದವನ್ನು ಶಂಕುವಿನಂತೆ ಸುತ್ತಿ ಬುಡವನ್ನು ಚಿಪ್ಪಿಗೆ ಅಂಟಿಸಬಹುದು.

ಹಗ್ಗವನ್ನು ಬರಿಯ ಕಾಗದಕ್ಕೆ ತೂತು ಮಾಡಿ ಕಟ್ಟಿದರೆ ಮೂರನೆಯ ಹೊಡೆತಕ್ಕೆ ಹಗ್ಗ ಮಾತ್ರ ಮೇಲುಳಿದು ಪಿನ್ಯಾಟಾ ಇಡಿಯಾಗಿ ಕೆಳಗೆ ಬೀಳುತ್ತದೆ. ಅದಕ್ಕಾಗಿ ಬಾಯಿಯ ಒಳಭಾಗದಲ್ಲಿ ಎರಡು ಪದರ ರಟ್ಟಿನ ಅಗಲವಾದ ಪಟ್ಟಿಯನ್ನು ಅಡ್ಡಲಾಗಿ ಅಂಟಿಸಿ, ಎರಡು ತೂತುಗಳ ಮೂಲಕ ಹಗ್ಗವನ್ನು ಅದರ ಅಡಿಯಿಂದ ಹಾಯಿಸಿ ಮೇಲೆ ಗಂಟು ಹಾಕಬೇಕು. ತಂತಿಯ ಕೊಕ್ಕೆ ಬೇಡ. ಕೊನೆಗೆ ತೆಳುವಾದ ಬಣ್ಣದ ಕಾಗದವನ್ನು ಉದ್ದುದ್ದ ಪಟ್ಟಿ ಮಾಡಿ, ಒಂದು ಅಂಚಿಗೆ ಜಾಲರಿಯಂತೆ ಕತ್ತರಿಯಾಡಿಸಿ, ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಅಂಟಿಸಿದರೆ ಪ್ರತಿ ಸಾಲೂ ಕೆಳಗಿನದರ ಅಂಟನ್ನು ಮುಚ್ಚುತ್ತಾ ಬರುತ್ತದೆ.

ಅಂಗಡಿಯಿಂದ ತಂದ ಪಿನ್ಯಾಟಾ ಆದರೆ ಈ ಶ್ರಮವಿಲ್ಲ, ಆದರೆ ಅದನ್ನು ತಂದ ಹಾಗೆಯೇ ತೂಗುಹಾಕಬಾರದು. ಮೈತುಂಬ ಕೈಯಾಡಿಸಿ ಸ್ಟೇಪ್ಲರ್ ಪಿನ್ನು, ತಂತಿ ಇದ್ದರೆ ಕಿತ್ತು ಹಾಕಿ, ಕೊಂಡಿಯ ಬುಡಕ್ಕೆ ಟೇಪು ಸುತ್ತಿ, ತಳದ ಅಂಚುಗಳಲ್ಲಿ ಜಾಲರಿಯ ಮರೆಗೆ ಕಾಣದಂತೆ ಅಲ್ಲಲ್ಲಿ ಕಟರಿನಿಂದ ಗೀರಿ ದುರ್ಬಲಗೊಳಿಸಬೇಕು.

ಮೂರನೆಯ ಹೆಜ್ಜೆ: ತುಂಬುವುದು

ಪುಟ್ಟ ಮಕ್ಕಳು ಸಿಕ್ಕಿದ್ದನ್ನು ಕೈಯಿಂದ ನೇರ ಬಾಯಿಗೆ ಹಾಕುತ್ತಾರೆ, ಅದೂ ನೂಕುನುಗ್ಗಲಿನ ನಡುವೆ ಓಡುತ್ತಾ, ನಗುತ್ತಾ. ಉಸಿರುಗಟ್ಟುವ ಅಪಾಯ ಹೆಚ್ಚುವುದೇ ಅಂಥ ಹೊತ್ತಿನಲ್ಲಿ. ಮೂರು ವರ್ಷದೊಳಗಿನವರ ಆಟಿಕೆಯ ಸಣ್ಣ ಭಾಗಗಳನ್ನು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ 3.17 ಸೆಂಟಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿನವರಿಗೆ ಸಲ್ಲದು. ಮನೆಯಲ್ಲಿ ಅಂಥ ಕೊಳವೆ ಇರುವುದಿಲ್ಲವಾದ್ದರಿಂದ ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯನ್ನು ಬಳಸಬಹುದು, ಅದು ಇನ್ನೂ ತುಸು ಅಗಲವಾಗಿರುವುದರಿಂದ ಪರೀಕ್ಷೆ ಮತ್ತಷ್ಟು ಕಟ್ಟುನಿಟ್ಟಾಗುತ್ತದೆ. ಅತಿಥಿಗಳ ತಮ್ಮ ತಂಗಿಯರಲ್ಲಿ ಅಂಥ ಒಂದೇ ಒಂದು ಕೂಸು ಇದ್ದರೂ ಎಲ್ಲ ವಸ್ತುಗಳಿಗೂ ಈ ಪರೀಕ್ಷೆ ಅನ್ವಯಿಸಬೇಕು, ಏಕೆಂದರೆ ನೆಲಕ್ಕೆ ಚೆಲ್ಲಿದ ವಸ್ತು ಯಾರ ಪಾಲಿನದು ಎಂದು ಕೂಸಿಗೆ ತಿಳಿಯದು.

ಐದು ವರ್ಷದೊಳಗಿನ ಮಕ್ಕಳು ಸೇರುವ ಕಡೆ ಗುಂಡನೆಯ ಗಟ್ಟಿ ಮಿಠಾಯಿ, ಚೂಯಿಂಗ್ ಗಮ್, ಇಡಿ ಕಾಳುಬೀಜಗಳು ಬೇಡ. ಊದದ ಬಲೂನುಗಳನ್ನು ತುಂಬುವವರಿದ್ದಾರೆ. ಗಂಟಲಿಗೆ ಅಂಟಿಕೊಂಡು ಉಸಿರನ್ನು ಪೂರ್ತಿ ಮುಚ್ಚಬಲ್ಲ ರಬ್ಬರಿನ ಹಾಳೆ ಎಂಟು ವರ್ಷದವರೆಗೂ ಅಪಾಯಕಾರಿ ಎಂಬುದನ್ನು ಅವರು ಗಮನಿಸಬೇಕು. ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ಮಿನುಗುವ ಉಂಗುರ, ಸದ್ದು ಮಾಡುವ ಪುಟ್ಟ ಆಟಿಕೆಗಳ ಒಳಗಿರುವ ಗುಂಡಿಯಾಕಾರದ ಬ್ಯಾಟರಿಗೆ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅದನ್ನು ಸುಡಬಲ್ಲದು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಣ್ಣ ಅಯಸ್ಕಾಂತಗಳೂ ಹಾಗೆಯೇ: ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ಹಾಗಾದರೆ ಏನು ತುಂಬಬೇಕು? ಸ್ಟಿಕರ್ ಹಾಳೆಗಳು, ದಪ್ಪ ಬಣ್ಣದ ಕಡ್ಡಿಗಳು, ಬೆರಳಿಗೆ ತೊಡಿಸುವ ಬಟ್ಟೆಯ ಗೊಂಬೆಗಳು, ಅಂಗೈಯಗಲದ ಚಿತ್ರಪುಸ್ತಕ, ಹಗುರವಾದ ಕಾರು, ಕೂದಲಿನ ಬ್ಯಾಂಡು, ಪೊಟ್ಟಣದಲ್ಲಿರುವ ಮೆತ್ತನೆಯ ಬಿಸ್ಕತ್ತು, ಇವೆಲ್ಲ ಆಗುತ್ತವೆ. ತಲೆಯ ಮೇಲೆ ಬಿದ್ದರೆ ನೋವಾಗುವಷ್ಟು ಭಾರದ ಯಾವುದನ್ನೂ ಹಾಕಬಾರದು. ತಿನಿಸು ಹಾಕುವುದಾದರೆ ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಎಂದು ತಾಯಿತಂದೆಯರನ್ನು ಆಹ್ವಾನದ ಜೊತೆಗೇ ಕೇಳಿ. ಮಿನುಗುಪುಡಿ ಮತ್ತು ಬಣ್ಣದ ಕಾಗದದ ಚೂರುಗಳನ್ನು ತುಂಬುವ ಆಸೆಯನ್ನು, ಮರುದಿನ ನೆಲ ಗುಡಿಸುವವರು ಯಾರೆಂಬುದನ್ನು ನೆನೆದು, ಅಲ್ಲಿಗೇ ಬಿಡುವುದು ಲೇಸು. ಎರಡು ಪದರದ ಚಿಪ್ಪು ಒಂದು ಕಿಲೋಗಿಂತ ಹೆಚ್ಚು ಹೊರುವುದನ್ನು ನಿರೀಕ್ಷಿಸಬಾರದು.

ಮೂರು ನಾಲ್ಕು ವರ್ಷದವರಿಗೆ ನಾನು ಬಿಡಿ ವಸ್ತುಗಳನ್ನು ತುಂಬುವುದೇ ಇಲ್ಲ. ಪ್ರತಿ ಮಗುವಿಗೂ ಒಂದೊಂದು ಪುಟ್ಟ ಬಟ್ಟೆಯ ಚೀಲದಲ್ಲಿ ಸಮನಾಗಿ ವಸ್ತುಗಳನ್ನು ಹಾಕಿ, ಅವುಗಳ ಮೇಲೆ ಮಗುವಿನ ಹೆಸರನ್ನೋ, ಓದಲು ಬಾರದವರಿಗೆ ಬೇರೆ ಬೇರೆ ಚಿತ್ರವನ್ನೋ ಅಂಟಿಸಿ, ಆ ಚೀಲಗಳನ್ನೇ ಪಿನ್ಯಾಟಾದೊಳಗೆ ಇಡುತ್ತೇನೆ. ಆಗ ಬಾಗಿಲನ್ನು ಚೀಲ ಜಾರುವಷ್ಟು ದೊಡ್ಡದಾಗಿ ಕತ್ತರಿಸಿರಬೇಕು. ಬಾಗಿಲು ತೆರೆದಾಗ ಚೀಲಗಳು ಸುರಿಯುವ ಸಂಭ್ರಮಕ್ಕೆ ಕೊರತೆಯಿಲ್ಲ, ಬಾಚಿಕೊಳ್ಳುವ ಪೈಪೋಟಿಗೆ ಮಾತ್ರ ಅವಕಾಶವಿಲ್ಲ.

ನಾಲ್ಕನೆಯ ಹೆಜ್ಜೆ: ತೂಗುಹಾಕುವುದು ಮತ್ತು ವೃತ್ತ ಬರೆಯುವುದು

ಗಟ್ಟಿಯಾದ ಕೊಂಬೆ, ತೊಲೆ ಅಥವಾ ಭದ್ರವಾದ ಅಡ್ಡಪಟ್ಟಿಯ ಮೇಲಿಂದ ಹಗ್ಗವನ್ನು ಹಾಯಿಸಿ, ಇನ್ನೊಂದು ತುದಿಯನ್ನು ದೊಡ್ಡವರೊಬ್ಬರ ಕೈಗೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಚಾವಣಿಯ ಫ್ಯಾನು, ದೀಪದ ಕೊಕ್ಕೆ, ಪರದೆಯ ಸರಳು ಇವು ಜಗ್ಗಾಟವನ್ನು ತಾಳಲಾರವು. ಯಾರಾದರೂ ಉದ್ದನೆಯ ಗಳಕ್ಕೆ ಪಿನ್ಯಾಟಾ ಕಟ್ಟಿ ಕೈಯಲ್ಲಿ ಹಿಡಿದು ನಿಲ್ಲುವುದೂ ಸರಿಯಲ್ಲ, ಹೊಡೆತ ಜಾರಿದರೆ ಬೀಳುವುದು ಅವರ ಮೊಣಕಾಲಿಗೆ. ಆಟದ ಹಿಂದಿನ ದಿನ ಪಿನ್ಯಾಟಾಕ್ಕಿಂತ ಎರಡುಪಟ್ಟು ಭಾರದ ಚೀಲವೊಂದನ್ನು ಅದೇ ಹಗ್ಗಕ್ಕೆ ಕಟ್ಟಿ ಜಗ್ಗಿ ನೋಡಿ. ಪಿನ್ಯಾಟಾದ ನಡುಭಾಗ ಹೊಡೆಯುವ ಮಗುವಿನ ಎದೆಯಿಂದ ಕಣ್ಣಿನವರೆಗಿನ ಎತ್ತರದಲ್ಲಿರಬೇಕು. ಹಗ್ಗ ಕೈಯಲ್ಲೇ ಇರುವುದರಿಂದ ಪ್ರತಿ ಮಗುವಿಗೂ ಎತ್ತರವನ್ನು ಹೊಂದಿಸಬಹುದು, ಆದರೆ ಮಗು ಕೋಲು ಬೀಸುತ್ತಿರುವಾಗ ತಮಾಷೆಗೆಂದು ಮೇಲಕ್ಕೆಳೆದು ತಪ್ಪಿಸುವ ಆಟವನ್ನು ಈ ವಯಸ್ಸಿನವರ ಮೇಲೆ ಆಡಬಾರದು.

ಮಗುವಿನ ತೋಳು, ಕೋಲು ಮತ್ತು ಅರಿಯದೆ ಮುಂದಿಡುವ ಒಂದೆರಡು ಹೆಜ್ಜೆ ಸೇರಿದರೆ ಎರಡು ಮೀಟರು ಮೀರುತ್ತದೆ. ಹೀಗಾಗಿ ಪಿನ್ಯಾಟಾದ ಕೆಳಗಿನ ಬಿಂದುವಿನಿಂದ ಎಲ್ಲ ದಿಕ್ಕಿಗೂ ಕನಿಷ್ಠ ಮೂರು ಮೀಟರು ಬಿಟ್ಟು ಸೀಮೆಸುಣ್ಣದಿಂದಲೋ ಹಗ್ಗದಿಂದಲೋ ವೃತ್ತ ಮಾಡಿ, ಅದರ ಹೊರಗೆ ಮಕ್ಕಳನ್ನು ಒಂದೇ ಬದಿಯಲ್ಲಿ ಕೂರಿಸಬೇಕು. ನಿಂತ ಮಗು ಕ್ಷಣಾರ್ಧದಲ್ಲಿ ಗೆರೆ ದಾಟುತ್ತದೆ; ಕುಳಿತ ಮಗು ಎದ್ದೇಳುವಷ್ಟರಲ್ಲಿ ತಡೆಯಲು ಸಮಯ ಸಿಗುತ್ತದೆ. ಛಾಯಾಚಿತ್ರ ತೆಗೆಯುವವರಿಗೂ ಇದೇ ಗೆರೆ. ಪಿನ್ಯಾಟಾದ ಕೆಳಗೆ ಹಳೆಯ ಹಾಸುಬಟ್ಟೆಯನ್ನು ಹರಡುವ ಮನಸ್ಸಿದ್ದರೆ ಅದನ್ನು ಒಡೆದ ನಂತರ ಹರಡಿ, ಮೊದಲೇ ಹಾಸಿದರೆ ಮಗು ಅದಕ್ಕೆ ಎಡವುತ್ತದೆ.

ಐದನೆಯ ಹೆಜ್ಜೆ: ಕೋಲು ಮತ್ತು ಸರದಿ

ಕೋಲು 60 ಸೆಂಟಿಮೀಟರಿನಷ್ಟು ಉದ್ದ, ಪುಟ್ಟ ಮುಷ್ಟಿಗೆ ಹಿಡಿಯುವಷ್ಟು ದಪ್ಪ ಇದ್ದರೆ ಸಾಕು. ಗಟ್ಟಿ ರಟ್ಟಿನ ಕೊಳವೆ ಅಥವಾ ಟೊಳ್ಳು ಪ್ಲಾಸ್ಟಿಕ್ ಬ್ಯಾಟು ಉತ್ತಮ; ಲೋಹದ ಸರಳು, ಕ್ರಿಕೆಟ್ಟಿನ ಬ್ಯಾಟು ಕೂಡದು. ಹಿಡಿಯ ಭಾಗಕ್ಕೆ ಬಟ್ಟೆಯ ಟೇಪು ಸುತ್ತಿದರೆ ಬೆವರಿದ ಕೈಯಿಂದ ಜಾರುವುದಿಲ್ಲ.

ದೊಡ್ಡವರು ಮೂವರು ಬೇಕು: ಒಬ್ಬರು ಹಗ್ಗಕ್ಕೆ, ಒಬ್ಬರು ಕೋಲಿಗೆ, ಒಬ್ಬರು ಕುಳಿತ ಮಕ್ಕಳ ಸಾಲಿಗೆ. ಕೋಲಿನ ಹೊಣೆ ಹೊತ್ತವರು ಅದನ್ನು ಒಂದು ಮಗುವಿನ ಕೈಯಿಂದ ತಾವು ಪಡೆದು ಇನ್ನೊಂದಕ್ಕೆ ಕೊಡಬೇಕು, ಮಕ್ಕಳು ಪರಸ್ಪರ ದಾಟಿಸಬಾರದು. ಎಲ್ಲರಿಗಿಂತ ಚಿಕ್ಕವರಿಂದ ಆರಂಭಿಸಿ, ಒಬ್ಬೊಬ್ಬರಿಗೆ ಮೂರು ಹೊಡೆತದಂತೆ ನಡೆಸಿದರೆ ಬಲವಾದ ತೋಳಿನವರ ಸರದಿ ಬರುವ ಹೊತ್ತಿಗೆ ಎಲ್ಲರೂ ಹೊಡೆದಿರುತ್ತಾರೆ. ಹುಟ್ಟುಹಬ್ಬದ ಮಗುವಿಗೆ ಮಾತ್ರ ಎಲ್ಲರಿಗಿಂತ ಮೊದಲು ಒಂದು ಹೊಡೆತ ಕೊಟ್ಟು, ಆಮೇಲೆ ಸಾಲಿನಲ್ಲಿ ಅದರ ಸ್ಥಾನಕ್ಕೆ ಕೂರಿಸುವುದು ನನ್ನ ರೂಢಿ. ಕಣ್ಣಿಗೆ ಬಟ್ಟೆ ಕಟ್ಟಿ ಗಿರಗಿರನೆ ತಿರುಗಿಸುವುದನ್ನು ಆರು ವರ್ಷದೊಳಗಿನವರಿಗೆ ಮಾಡಬೇಡಿ. ಆ ವಯಸ್ಸಿಗೆ ಕಣ್ಣು ತೆರೆದುಕೊಂಡು ಹೊಡೆಯುವುದೇ ಸಾಕಷ್ಟು ಕಷ್ಟ, ಮತ್ತು ಬಟ್ಟೆ ಕಟ್ಟಿಸಿಕೊಳ್ಳಲು ಹೆದರುವ ಮಕ್ಕಳೂ ಇರುತ್ತಾರೆ. ಹೊಡೆಯಲು ಒಪ್ಪದ ಮಗುವನ್ನು ಬಲವಂತ ಮಾಡದೆ ಹಗ್ಗ ಹಿಡಿದವರ ಪಕ್ಕದಲ್ಲಿ ನಿಲ್ಲಿಸಿದರೆ ಅದೂ ಆಟದೊಳಗೇ ಇರುತ್ತದೆ. ಹತ್ತು ಮಕ್ಕಳ ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಹನ್ನೆರಡಕ್ಕಿಂತ ಹೆಚ್ಚು ಮಂದಿ ಇದ್ದರೆ ಕಾಯುವ ತಾಳ್ಮೆ ಮುಗಿಯುವುದರಿಂದ ಎರಡು ಪಿನ್ಯಾಟಾ, ಎರಡು ವೃತ್ತ ಇರಲಿ. ಊಟ, ಕೇಕು ಎಲ್ಲ ಮುಗಿದು ಮನೆಗೆ ಹೊರಡುವುದಕ್ಕೆ ಅರ್ಧ ಗಂಟೆ ಮೊದಲಿನ ಸಮಯ ಇದಕ್ಕೆ ಹೊಂದುತ್ತದೆ.

ಮೊದಲ ಸುತ್ತು ಮುಗಿದರೂ ಬಿರುಕು ಕಾಣದಿದ್ದರೆ ಕೋಲನ್ನು ಪಕ್ಕಕ್ಕಿಟ್ಟು, ಪಿನ್ಯಾಟಾವನ್ನು ಸರಿಪಡಿಸುವ ನೆಪದಲ್ಲಿ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲಿಸಿ. ಎರಡನೆಯ ಮಗುವಿಗೇ ಒಡೆದುಹೋದರೆ ಉಳಿದವರ ಮುಖ ಬಾಡದಂತೆ ಖಾಲಿ ಚಿಪ್ಪನ್ನೇ ಮತ್ತೆ ಮೇಲೇರಿಸಿ ಎಲ್ಲರೂ ಹೊಡೆಯಲಿ, ಆಮೇಲೆ ಆಯ್ದುಕೊಳ್ಳುವುದು. ಮಕ್ಕಳಿಗೆ ಬೇಕಾದದ್ದು ಮಿಠಾಯಿಯಷ್ಟೇ ಅಲ್ಲ, ಹೊಡೆಯುವ ಸರದಿಯೂ ಹೌದು.

ಆರನೆಯ ಹೆಜ್ಜೆ: ಒಡೆದ ಮರುಕ್ಷಣ

ಆಟ ಶುರುವಾಗುವ ಮೊದಲೇ ಮಕ್ಕಳಿಗೆ ಎರಡು ಸಂಕೇತಗಳನ್ನು ಹೇಳಿ, ಒಮ್ಮೆ ಸುಳ್ಳು ಅಭ್ಯಾಸವನ್ನೂ ಮಾಡಿಸಿ: ಗಂಟೆ ಬಾರಿಸಿದರೆ ಎಲ್ಲರೂ ಕುಳಿತಲ್ಲೇ ಕುಳಿತಿರಬೇಕು, ಸೀಟಿ ಊದಿದರೆ ಮಾತ್ರ ಓಡಬಹುದು. ಮೊದಲ ವಸ್ತು ಉದುರಿದ ಕೂಡಲೇ ಗಂಟೆ ಬಾರಿಸಬೇಕು. ಒಡೆದ ಸಂತೋಷದಲ್ಲಿ ಮಗು ಇನ್ನೂ ಒಂದೆರಡು ಸಲ ಕೋಲು ಬೀಸುತ್ತದೆ ಮತ್ತು ಅದೇ ಗಳಿಗೆಯಲ್ಲಿ ಉಳಿದವರು ನೆಲಕ್ಕೆ ಬಾಗುತ್ತಾರೆ. ತಲೆಗೆ ಪೆಟ್ಟು ಬೀಳುವುದು ಹೀಗೆ. ಆದ್ದರಿಂದ ಕೋಲು ದೊಡ್ಡವರ ಕೈಸೇರಿ ವೃತ್ತದಿಂದ ಹೊರಗೆ ಹೋಗುವುದು ಮೊದಲನೆಯ ಕೆಲಸ. ಆಮೇಲೆ ಹಗ್ಗ ಇಳಿಸಿ, ಒಳಗೆ ಉಳಿದದ್ದನ್ನು ಕೊಡವಿ, ಚಿಪ್ಪನ್ನು ಪಕ್ಕಕ್ಕೆ ಒಯ್ದು, ಒಂದೇ ಕಡೆ ಗುಡ್ಡೆಬಿದ್ದ ವಸ್ತುಗಳನ್ನು ವೃತ್ತದ ತುಂಬ ಕೈಯಿಂದ ಹರಡಬೇಕು. ಗುಡ್ಡೆಯಿದ್ದರೆ ಬಲವಿದ್ದವರದೇ ಮೇಲುಗೈ, ಹರಡಿದ್ದರೆ ಹಾಗಾಗುವುದಿಲ್ಲ. ಇಷ್ಟೆಲ್ಲ ಮುಗಿಯಲು ಒಂದು ನಿಮಿಷವೂ ಬೇಡ, ಆ ನಿಮಿಷವಿಡೀ ಮಕ್ಕಳನ್ನು ಹತ್ತರಿಂದ ಒಂದರವರೆಗೆ ಹಿಮ್ಮುಖವಾಗಿ ಎಣಿಸುವುದರಲ್ಲಿ ತೊಡಗಿಸಬಹುದು.

ಪ್ರತಿ ಮಗುವಿನ ಕೈಯಲ್ಲೂ ಬಾಯಗಲದ ಚೀಲವೊಂದು ಇರಲಿ. ಎಣಿಸಲು ಬಲ್ಲ ಐದು ವರ್ಷದವರಿಗೆ ಒಬ್ಬರಿಗೆ ಎಂಟು ಎಂಬ ಮಿತಿ ಹೇಳಿದರೆ ಅವರು ಅದನ್ನು ದೊಡ್ಡವರಿಗಿಂತ ನಿಷ್ಠೆಯಿಂದ ಪಾಲಿಸುತ್ತಾರೆ. ಅದಕ್ಕೆ ತಕ್ಕಂತೆ ಒಟ್ಟು ವಸ್ತುಗಳನ್ನು ಮೊದಲೇ ಲೆಕ್ಕ ಹಾಕಿ ತುಂಬಿರಬೇಕು. ತುಂಬುವಾಗ ಹತ್ತು ಹನ್ನೆರಡು ವಸ್ತುಗಳನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಕಡಿಮೆ ಸಿಕ್ಕ ಮಗುವಿನ ಕಾಲ ಬಳಿ ಅದಕ್ಕೆ ಕಾಣುವಂತೆ ಮೆಲ್ಲನೆ ಬೀಳಿಸಿದರೆ, ಕೊಟ್ಟದ್ದಕ್ಕಿಂತ ತಾನೇ ಹುಡುಕಿಕೊಂಡದ್ದೆಂಬ ಹಿಗ್ಗು ಅದಕ್ಕೆ ಸಿಗುತ್ತದೆ.

ಮಕ್ಕಳು ಚೀಲ ಬಿಚ್ಚಿ ನೋಡುತ್ತಾ ಕುಳಿತಿರುವಾಗಲೇ ದೊಡ್ಡವರೊಬ್ಬರು ವೃತ್ತದೊಳಗೆ ನಡೆದು ಅಂಟು ಕಾಗದದ ಚೂರು, ಕಳಚಿದ ರಿಬ್ಬನ್, ಪೊಟ್ಟಣದಿಂದ ಹೊರಬಿದ್ದ ಸಣ್ಣ ವಸ್ತುಗಳನ್ನು ಹೆಕ್ಕಿಬಿಡಬೇಕು, ತೆವಳುವ ಕೂಸುಗಳು ಅಲ್ಲಿಗೆ ಬರುವುದು ಎಲ್ಲರೂ ಎದ್ದುಹೋದ ಮೇಲೆಯೇ. ಕೊಂಬೆಯಿಂದ ಇಳಿಬಿದ್ದ ಹಗ್ಗವನ್ನು ನಾಳೆ ತೆಗೆದರಾಯಿತೆಂದು ಬಿಡದೆ ಆಗಲೇ ಬಿಚ್ಚಿ ಸುತ್ತಿ ಒಳಗಿಡಿ. ಮಗುವಿನ ಕತ್ತಿನ ಎತ್ತರದಲ್ಲಿ ಕುಣಿಕೆಯೊಂದು ತೂಗಾಡುತ್ತಿರುವುದು ಒಳ್ಳೆಯದಲ್ಲ.